ದೊಡ್ಡ ಕ್ಯಾಮರದೋರ ಹತ್ರೆ ಎರಡು ಮಾತು

ಈ ವಾರ ಹಲಸಿನಕಾಯಿ ಹಪ್ಪಳದ ಬಗ್ಗೆ ಬರೆತ್ತೆ ಹೇಳಿತ್ತಿದ್ದೆ. ಹಪ್ಪಳ ರಜ್ಜ ಒಣಗಲಿ, ಬಪ್ಪ ವಾರ ನೋಡುವೊ. ಈ ವಾರ ಒಂದು ಜಗಳ ಇದ್ದು.

ತರವಾಡುಮನೆಯ ಸಂಗತಿ ನಿಂಗಳಲ್ಲಿ ಸುಮಾರು ಜೆನಕ್ಕೆ ಗೊಂತಿದ್ದು. ಹಳೆ ಮನೆಯ ಮಾಡು ಬಿಚ್ಚುವ ಮದಲು ಮನೆಯ, ಮನೆಯ ಹಿರಿಯರ, ವರ್ಷಾವಧಿ ಕಾರ್ಯಂಗಳ ಎಲ್ಲ ಪಟ ತೆಗದು ಮಡುಗೆಕ್ಕು ಹೇಳಿ ಕುಟುಂಬಲ್ಲಿ ಮಾತಾಯಿದು. ಒಳ್ಳೆ ಮಾತೇ. ಆದರೆ ಅದಕ್ಕೆ ಮನೆ ಮನೆಂದ ಪೈಸೆ ಒಟ್ಟುಮಾಡಿ ಒಂದು ಲೈಕಾ ಕ್ಯಾಮರ ತೆಗವದು, ಅದರ ಅರಡಿವ ಒಬ್ಬನ ಕೈಲಿ ಕೊಡುವದು ಹೇಳಿ ಗೆಂಡುಮಕ್ಕೊ ನಿಶ್ಚಯ ಮಾಡ್ಲೆ ಹೆರಟಿದವು. "ಕಿಸೆಲಿ ಹಾಕುವ ಕ್ಯಾಮರಲ್ಲಿ ತೆಗದ್ದೆಲ್ಲ ಪಟವೇ ಅಲ್ಲ, ಅದು ಹೆಮ್ಮಕ್ಕಳ ಆಟದ ಸಾಮಾನು" ಹೇಳಿ ಹಂತಿಲಿ ಕೂದೊಂಡು ಒಬ್ಬ ಹೇಳಿದ್ದು ಎನಗೆ ಕೇಳಿತ್ತು. ಅಲ್ಲಿ ಉತ್ತರ ಕೊಡ್ಲೆ ಎಡಿಗಾಯಿದಿಲ್ಲೆ, ಕೈಲಿ ಸಾರಿನ ಬಾಲ್ದಿ ಇತ್ತು. ಇಲ್ಲಿ ಕೊಡ್ತೆ.

ಎನ್ನ ವಾದ ಇಷ್ಟೇ. ಮನೆಯ ಪಟಕ್ಕೆ ಬೇಕಾದ್ದು ಮನೆಲಿ ಎಲ್ಲೋರ ಕೈಗೆ ಸಿಕ್ಕುವ ಸಣ್ಣ ಕ್ಯಾಮರ. ಲಕ್ಷಗಟ್ಲೆಯ ರೇಂಜ್‌ಫೈಂಡರ್ ಒಳ್ಳೆ ಹತಿಯಾರು, ಆದರೆ ನಾವು ಹೇಳ್ತ ಈ ಕೆಲಸಕ್ಕೆ ಅದು ಆಗ. ಪೈಸೆ ಇದ್ದರೂ ಆಗ.

ಸುರುವಿಂಗೆ ಅದು ಎಂತರ ಹೇಳಿ ಸಮಗಟ್ಟು ತಿಳ್ಕೊಂಬೊ. ಇಲ್ಲದ್ರೆ "ಗೊಂತಿಲ್ಲದ್ದೆ ಮಾತಾಡ್ತವು" ಹೇಳುಗು. ರೇಂಜ್‌ಫೈಂಡರ್ ಹೇಳಿರೆ ದೂರ ಅಳವ ಏರ್ಪಾಡು. ಕ್ಯಾಮರದ ಎದುರಾಣ ಹೊಡೆಲಿ ಸಣ್ಣ ಕಿಟಿಕಿಗೊ ಇರ್ತು. ಒಂದರಿಂದ ನಾವು ನೋಡುದು. ಇನ್ನೊಂದರಿಂದ ಅದೇ ವಸ್ತುವಿನ ಇನ್ನೊಂದು ಬಿಂಬ ಬಂದು ನಾವು ನೋಡುವಲ್ಲಿ ನಡುಕೆ ಒಂದು ಸಣ್ಣ ಚೌಕಲ್ಲಿ ಬೀಳ್ತು. ಲೆನ್ಸಿನ ಬಳೆಯ ತಿರುಗುಸಿರೆ ಆ ಎರಡು ಬಿಂಬಂಗೊ ಹತ್ರೆ ಹತ್ರೆ ಬತ್ತು. ಎರಡೂ ಒಂದರ ಮೇಲೆ ಒಂದು ಸರಿ ಕೂದಪ್ಪಗ ಆ ವಸ್ತು ಪಟಲ್ಲಿ ಸ್ಪಷ್ಟ ಬತ್ತು. ಈ ಕೆಲಸ ಎಲ್ಲ ನಮ್ಮ ಕಣ್ಣುದೆ ಬೆರಳುದೆ ಮಾಡೆಕ್ಕು. ತನ್ನಷ್ಟಕೇ ಫೋಕಸ್ ಮಾಡುವ ಮೋಟರು ಅದಕ್ಕೆ ಇಲ್ಲೆ. ನಾವು ನೋಡುವ ಕಿಟಿಕಿ ಲೆನ್ಸಿನ ಮೂಲಕ ನೋಡುದಲ್ಲದ್ದ ಕಾರಣ, ಲೆನ್ಸಿನ ಮುಚ್ಚೆಲು ತೆಗವಲೆ ಮರದು ಹೋದರೂ ಕಿಟಿಕಿಲಿ ಎಲ್ಲ ಲಾಯ್ಕಕ್ಕೆ ಕಾಣ್ತು.

ಫುಲ್‌ಫ್ರೇಮ್ ಹೇಳಿರೆ ಒಳ ಬೆಣಚ್ಚು ಹಿಡಿವ ಸೆನ್ಸಾರಿನ ಅಳತೆ. 36 ಮಿಲ್ಲಿಮೀಟರ್ ಅಗಲ, 24 ಮಿಲ್ಲಿಮೀಟರ್ ಎತ್ತರ. ಹಳೆ ರೀಲಿನ ಒಂದು ಪಟದ ಅಳತೆಯೇ ಅದು. ರೇಂಜ್‌ಫೈಂಡರಿಲಿ ಆ ಅಳತೆಯ ಡಿಜಿಟಲ್ ಸೆನ್ಸಾರು ಸುರುವಿಂಗೆ ಬಂದದು 2009ರ ಲೈಕಾ ಎಂ9 ಕ್ಯಾಮರಲ್ಲಿ. 18 ಮೆಗಾಪಿಕ್ಸೆಲ್, ಬ್ಯಾಟರಿ ಸೇರಿ 585 ಗ್ರಾಮ್ ತೂಕ. ಅಮೇರಿಕಲ್ಲಿ ಸುರುವಾಣ ಕ್ರಯ 7,000 ಡಾಲರಿಂಗೆ ಐದೇ ಡಾಲರ್ ಕಮ್ಮಿ, ಅದುದೆ ಲೆನ್ಸ್ ಇಲ್ಲದ್ದೆ. ಲೆನ್ಸಿಂಗೆ ಬೇರೆಯೇ ಪೈಸೆ. ಅವರದ್ದೇ 50 ಮಿ.ಮೀ., ಎಫ್ 1.4 ಲೆನ್ಸ್ ಹಾಕಿರೆ ಒಟ್ಟು ತೂಕ ಒಂದು ಕಿಲಕ್ಕೆ ಹತ್ರೆ ಹತ್ರೆ ಆವ್ತು.

ಇನ್ನು ಕಿಸೆ ಕ್ಯಾಮರ. ಅದೇ 2009ರ ಕ್ಯಾನನ್ ಎಸ್90 ತೆಕ್ಕೊಂಬೊ. ಅದರ ಸೆನ್ಸಾರು ಸುಮಾರು 7.6ಕ್ಕೆ 5.7 ಮಿ.ಮೀ., ಕಿರುಬೆರಳಿನ ಉಗುರಿನಷ್ಟು. ಗುಣಿಸಿ ನೋಡಿ: ಅಲ್ಲಿ 864 ಚದರ ಮಿ.ಮೀ., ಇಲ್ಲಿ 43. ಇಪ್ಪತ್ತು ಪಾಲು ವೆತ್ಯಾಸ. 2012ರಲ್ಲಿ ಸೋನಿ ಆರ್‌ಎಕ್ಸ್100 ಬಂತು. ಅದರ ಸೆನ್ಸಾರು 13.2ಕ್ಕೆ 8.8 ಮಿ.ಮೀ. ಅಂಬಗ ವೆತ್ಯಾಸ ಏಳು ಪಾಲಿಂಗೆ ಇಳುದತ್ತು. ಬ್ಯಾಟರಿ, ಕಾರ್ಡು ಎಲ್ಲ ಸೇರಿ ಅದರ ತೂಕ 240 ಗ್ರಾಮ್, ಕಾಲು ಕಿಲ ಬೆಲ್ಲಂದ ರಜ್ಜ ಕಮ್ಮಿ.

ದೊಡ್ಡ ಸೆನ್ಸಾರಿಂದ ಗುಣ ಇಲ್ಲೆಯೋ? ಇದ್ದು. ಮಳೆಗೆ ಜಾಲಿಲಿ ಒಂದು ಕೊಪ್ಪರಿಗೆಯುದೆ ಒಂದು ಗ್ಲಾಸುದೆ ಮಡುಗಿದ ಹಾಂಗೆ ಅದು. ಒಂದೇ ಮಳೆ, ಒಂದೇ ಹೊತ್ತು, ಆದರೆ ಕೊಪ್ಪರಿಗೆಲಿ ಹೆಚ್ಚು ನೀರು. ಬೆಣಚ್ಚುದೆ ಹಾಂಗೇ. ಕಾಲುದೀಪದ ಬೆಣಚ್ಚಿಲಿ, ಹೊತ್ತೋಪಗಾಣ ಕಸ್ತಲೆಲಿ ದೊಡ್ಡ ಸೆನ್ಸಾರಿನ ಪಟ ನೊಂಪಕ್ಕೆ ಬತ್ತು. ಸಣ್ಣದರಲ್ಲಿ ರವೆ ಚೆಲ್ಲಿದ ಹಾಂಗೆ ಕಾಳು ಕಾಳು ಕಾಣ್ತು. ಲೈಕಾದ ಬಾಳಿಕೆಯುದೆ ಲೊಟ್ಟೆ ಅಲ್ಲ. 1954ರಲ್ಲಿ ಬಂದ ಎಂ3 ಕ್ಯಾಮರದ ಲೆನ್ಸು ಈಗಾಣ ಎಂ ಕ್ಯಾಮರಕ್ಕೂ ಕೂರ್ತು. ಅಜ್ಜಿಯ ಕಾಲದ ಮುಚ್ಚೆಲು ಪುಳ್ಳಿಯ ಕಾಲದ ಪಾತ್ರಕ್ಕೆ ಸರಿ ಕೂಪ ಹಾಂಗೆ. ಮೆಚ್ಚೆಕ್ಕಾದ್ದೇ.

ಕೊಂಡಾಟದ ಮಾತು ಮುಗುತ್ತು. ಇನ್ನು ಪ್ರಶ್ನೆ.

ಆ "ಫುಲ್" ಹೇಳ್ತ ಶಬ್ದ ಎಲ್ಲಿಂದ ಬಂತು? ಜರ್ಮನಿಯ ವೆಟ್ಜ್ಲಾರ್ ಹೇಳ್ತ ಊರಿಲಿ ಲೈಟ್ಜ್ ಹೇಳಿ ಸೂಕ್ಷ್ಮದರ್ಶಕ ಮಾಡುವ ಕಾರ್ಖಾನೆ ಇತ್ತು. ಅಲ್ಲಿ ಓಸ್ಕರ್ ಬಾರ್ನಾಕ್ ಹೇಳ್ತ ಒಬ್ಬ ಇಂಜಿನಿಯರ್. ಅವಂಗೆ ಉಬ್ಬಸ. ಗಾಜಿನ ಪ್ಲೇಟಿನ ದೊಡ್ಡ ಕ್ಯಾಮರ ಹೊತ್ತುಗೊಂಡು ಗುಡ್ಡೆ ಹತ್ತುಲೆ ಅವಂಗೆ ಎಡಿಯ. ಹಾಂಗಾಗಿ ಸಿನೆಮದ 35 ಮಿ.ಮೀ. ರೀಲಿನ ಅಡ್ಡಕ್ಕೆ ಓಡುಸಿ, ಸಿನೆಮದ ಎರಡು ಚೌಕವ ಒಂದು ಮಾಡಿ, 24ಕ್ಕೆ 36 ಮಿ.ಮೀ.ಯ ಪಟ ಬಪ್ಪ ಹಾಂಗೆ ಒಂದು ಸಣ್ಣ ಕ್ಯಾಮರ ಮಾಡಿದ. ಅದರ ಮಾದರಿ ಆದ್ದು 1914ರ ಹೊತ್ತಿಂಗೆ. ಎಡೆಲಿ ಯುದ್ಧ ಬಂತು, ಲೈಕಾ ಹೇಳ್ತ ಹೆಸರಿಲಿ ಜೆನಂಗಳ ಎದುರು ಬಂದದು 1925ರ ಲೈಪ್‌ಜಿಗ್ ಮೇಳಲ್ಲಿ. ಸಣ್ಣ ನೆಗೆಟಿವ್ ತೆಗದು ಅದರಿಂದ ದೊಡ್ಡ ಪಟ ಮಾಡುದು ಹೇಳಿ ಅವನ ಆಲೋಚನೆ.

ಈಗ ಹೇಳಿ, ಲೈಕಾ ಹುಟ್ಟಿದ್ದೇ ಕಿಸೆ ಕ್ಯಾಮರ ಆಗಿ ಅಲ್ಲದೋ? ಅಂಗೈಯಷ್ಟು ಅಗಲದ ಪ್ಲೇಟಿನ ಕಾಲಲ್ಲಿ 24ಕ್ಕೆ 36 ಹೇಳಿರೆ ಚಿಕಣಿ ಅಳತೆ. ಆ ಅಳತೆಗೆ "ಪೂರ್ಣ" ಹೇಳ್ತ ಬಿರುದು ಮತ್ತೆ ಬಂದದು, ಅದರಿಂದ ಸಣ್ಣ ಡಿಜಿಟಲ್ ಸೆನ್ಸಾರುಗೊ ಬಂದ ಮೇಲೆ. ಈಗಳೂ ಅದರಿಂದ ದೊಡ್ಡ ಸೆನ್ಸಾರಿನ ಕ್ಯಾಮರಂಗೊ ಇದ್ದು, 44ಕ್ಕೆ 33 ಮಿ.ಮೀ.ಯದ್ದು. ಅದರ ಹಿಡ್ಕೊಂಡವ ಬಂದು ನಮ್ಮ ಮಾಣಿಯ ಲೈಕಾವ ನೋಡಿ "ಇದು ಆಟದ ಸಾಮಾನು" ಹೇಳಿರೆ ಅಕ್ಕೋ? ದೊಡ್ಡದರ ಹೊರುಲೆ ಎಡಿಯದ್ದ ಒಬ್ಬ ಮನುಷ್ಯ ಹಟ ಹಿಡುದು ಸಣ್ಣದು ಮಾಡಿದ್ದರಿಂದ ಬಂದ ಕ್ಯಾಮರವ ಎತ್ತಿ ಹಿಡ್ಕೊಂಡು, ಇನ್ನೊಬ್ಬನ ಸಣ್ಣ ಕ್ಯಾಮರವ ನೆಗೆ ಮಾಡುದು ಸರಿಯೋ?

ಲೈಕಾದ ದೊಡ್ಡ ದೊಡ್ಡ ಹೆಸರುಗಳನ್ನೇ ಕೇಳುವೊ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸೋನ್ ಅದರ ಹಿಡ್ಕೊಂಡು ಲೋಕ ಸುತ್ತಿದ. 1948ರಲ್ಲಿ ಗಾಂಧಿಯ ಅಂತ್ಯಯಾತ್ರೆಯ ಪಟ ತೆಗದ್ದುದೆ ಅವನೇ. ಅವ ಕ್ಯಾಮರದ ಹೊಳವ ಲೋಹದ ಮೇಲೆ ಕಪ್ಪು ಟೇಪು ಅಂಟುಸಿಗೊಂಡಿತ್ತಿದ್ದ, ಆರ ಕಣ್ಣಿಂಗೂ ಬೀಳದ್ದ ಹಾಂಗೆ. ಅವಂಗೆ ಲೈಕಾ ಬೇಕಾದ್ದು ಅದು ಸಣ್ಣ ಇದ್ದ ಕಾರಣ, ಶಬ್ದ ಇಲ್ಲದ್ದ ಕಾರಣ. ನಮ್ಮ ಜೆಂಬ್ರಲ್ಲಿ ಅದೇ ಕ್ಯಾಮರ ಕೊರಳಿಲಿ ನೇಲಿಗೊಂಡು ಬಂದರೆ ಎಂತ ಆವ್ತು? ಎಲ್ಲೋರೂ ಕ್ಯಾಮರವನ್ನೇ ನೋಡ್ತವು. "ಎಷ್ಟು ಕ್ರಯ?" ಹೇಳಿ ಕೇಳ್ತವು. ಅಜ್ಜಿ ಸೆರಗು ಸರಿ ಮಾಡಿ ಕಂಬದ ಹಾಂಗೆ ಕೂರ್ತು. ಆ ಕ್ಯಾಮರ ಯೇವ ಗುಣಕ್ಕೆ ಹೆಸರು ಹೋದ್ದೋ ಆ ಗುಣವೇ ಅಲ್ಲಿ ಇಲ್ಲೆ. ಕೈಯಷ್ಟಕೆ ಇಪ್ಪ ಸಣ್ಣ ಡಬ್ಬಿಲಿ ಅತ್ತಿಗೆ ಒಂದು ಪಟ ತೆಗದರೆ ಅಜ್ಜಿ ಮಾತು ನಿಲ್ಸುತ್ತಿಲ್ಲೆ.

ಇನ್ನು ನಮ್ಮ ಮನೆಯ ಕೆಲಸಕ್ಕೆ ಬಪ್ಪೊ. ಮನೆಲಿ ಎಂತರ ಪಟ ತೆಗೆಯೆಕ್ಕು?

ಸುರುವಿಂಗೆ ಜೆನಂಗಳ ಗುಂಪು. ಚಾವಡಿಲಿ ಮೂರು ಸಾಲು: ಎದುರು ಮಕ್ಕೊ, ನಡುಕೆ ಹಿರಿಯರು ಕುರ್ಶಿಲಿ, ಹಿಂದೆ ನಿಂದೊಂಡು ಒಳುದೋರು. ಫುಲ್‌ಫ್ರೇಮಿಲಿ ಲೆನ್ಸಿನ ಬಾಯಿ ಅಗಲ ತೆರದರೆ ಸ್ಪಷ್ಟ ಬಪ್ಪ ಆಳ ತುಂಬ ಕಮ್ಮಿ. 50 ಮಿ.ಮೀ. ಲೆನ್ಸಿನ ಎಫ್ 1.4ಕ್ಕೆ ತೆರದು ಒಂದು ಮೀಟರ್ ದೂರಲ್ಲಿಪ್ಪ ಮೋರೆಯ ತೆಗದರೆ ಸ್ಪಷ್ಟ ಬಪ್ಪದು ಹೆಚ್ಚುಕಮ್ಮಿ ಮೂರು ಸೆಂಟಿಮೀಟರ್ ಆಳ. ಕಣ್ಣು ಸರಿ ಇದ್ದರೆ ಕೆಮಿ ಮಸುಕು. ಅಂಬೆಗಾಲು ಹಾಕುವ ಕುಞ್ಞಿಯ ಹಾಂಗೆ ತೆಗವಲೆ ಹೆರಟರೆ, ಬಳೆ ತಿರುಗುಸಿ ಎರಡು ಬಿಂಬ ಒಂದು ಮಾಡುವಗ ಕುಞ್ಞಿ ಹೊಸ್ತಿಲು ದಾಂಟಿ ಆಯಿದು.

"ಬಾಯಿ ಸಣ್ಣ ಮಾಡಿರೆ ಆಳ ಹೆಚ್ಚಾವ್ತು" ಹೇಳಿ ಅವು ಹೇಳುಗು. ಅಪ್ಪು, ಆವ್ತು. ಆದರೆ ಬಾಯಿ ಸಣ್ಣ ಮಾಡಿರೆ ಒಳ ಹೋಪ ಬೆಣಚ್ಚುದೆ ಕಮ್ಮಿ ಆವ್ತು. ಕೊಪ್ಪರಿಗೆಯ ಅರ್ಧ ಮುಚ್ಚಿ ಮಳೆಗೆ ಮಡುಗಿದ ಹಾಂಗೆ. ಮೂರು ಸಾಲೂ ಸ್ಪಷ್ಟ ಬರೆಕ್ಕು ಹೇಳಿ ಬಾಯಿ ಸಣ್ಣ ಮಾಡಿಯಪ್ಪಗ, ದೊಡ್ಡ ಸೆನ್ಸಾರಿಂಗೆ ಪೈಸೆ ಕೊಟ್ಟು ತೆಕ್ಕೊಂಡ ಬೆಣಚ್ಚಿನ ಲಾಭ ಎಲ್ಲ ಕೈ ಬಿಟ್ಟು ಹೋತು. ಸಣ್ಣ ಸೆನ್ಸಾರಿಲಿ ಬಾಯಿ ತೆರದು ಮಡುಗಿರೂ ಆಳ ಹೆಚ್ಚು ಬತ್ತು, ಅದರ ಗುಣವೇ ಅದು. ಹಿಂದಾಣ ಗೋಡೆ ಮಸುಕು ಮಾಡಿ ಒಬ್ಬನ ಮೋರೆಯ ಎದ್ದು ಕಾಂಬ ಹಾಂಗೆ ಮಾಡುದು ಬೇರೆ ಕಸುಬು. ನವಗೆ ಹಿಂದಾಣ ಗೋಡೆಯೇ ಬೇಕು. ಆ ಗೋಡೆಯ ನಾವು ಕೆಡವಲೆ ಹೆರಟದು. ಅದರಲ್ಲಿ ನೇಲುಸಿದ ಪಂಚಾಂಗ, ಕರಿ ಹಿಡುದ ಪಕ್ಕಾಸು, ಕಂಬಕ್ಕೆ ಕಟ್ಟಿದ ಬಳ್ಳಿ ಎಲ್ಲ ಕಾಣೆಕ್ಕು.

ಎರಡ್ನೇದು, ಹತ್ತರಾಣ ಪಟ. ಎಂ9 ಕ್ಯಾಮರದ ರೇಂಜ್‌ಫೈಂಡರಿಂಗೆ 70 ಸೆಂಟಿಮೀಟರಿಂದ ಹತ್ತರೆ ಇಪ್ಪದು ಸ್ಪಷ್ಟ ಸಿಕ್ಕ. ಎರಡಡಿಂದ ಜಾಸ್ತಿ ದೂರ ಅದು. ನಮ್ಮ ಕೆಲಸಲ್ಲಿ ಅರ್ಧಕ್ಕರ್ಧ ಅದರಿಂದ ಹತ್ತರಾಣದ್ದೇ: ಅಜ್ಜಿಯ ಕೆಮಿಯ ಬೆಂಡೋಲೆ, ಹಳೆ ಕಾಗತಲ್ಲಿಪ್ಪ ಅಕ್ಷರ, ಒಂದು ತಾಳೆಗರಿ, ಕೆತ್ತನೆಯ ಬಾಗಿಲಿನ ಒಂದು ಹೂಗು, ಬಾಳೆಲೆಲಿ ಬಳುಸಿದ ಕ್ರಮ, ಹಸೆ ಬರವ ಬೆರಳು. ಎಸ್90ಯುದೆ ಆರ್‌ಎಕ್ಸ್100ದೆ 5 ಸೆಂಟಿಮೀಟರ್ ಹತ್ತರೆ ವರೆಗೆ ಹೋಗಿ ತೆಗೆತ್ತು. ಲಕ್ಷದ ಕ್ಯಾಮರಕ್ಕೆ ಬೆಂಡೋಲೆ ಮಸುಕು, ಆಟದ ಸಾಮಾನಿಂಗೆ ಬೆಂಡೋಲೆಯ ಕಲ್ಲು ಲೆಕ್ಕ ಮಾಡ್ಲಕ್ಕು. ಮನೆಯ ದಾಖಲೆ ಮಾಡ್ಲೆ ಯೇವದು ಬೇಕು ಹೇಳಿ ನಿಂಗಳೇ ಹೇಳಿ.

ಮೂರ್ನೇದು ಜೂಮು. ರೇಂಜ್‌ಫೈಂಡರಿಲಿ ಜೂಮ್ ಇಲ್ಲೆ. ದೂರದ್ದಕ್ಕೆ ಒಂದು ಲೆನ್ಸ್, ಅಗಲದ್ದಕ್ಕೆ ಇನ್ನೊಂದು, ಅದಕ್ಕೊಂದು ಚೀಲ. ತುಪ್ಪ ಕಾಸಿಗೊಂಡಿಪ್ಪಗ ಲೆನ್ಸ್ ಬದಲುಸುದು ಹೇಂಗೆ? ಕಿಸೆ ಕ್ಯಾಮರಲ್ಲಿ ಒಂದು ಬೆರಳಿನ ಕೆಲಸ.

"ದೊಡ್ಡ ಪಟ ಮಾಡುವಗ ಗೊಂತಾವ್ತು ನಿಂಗೊಗೆ" ಹೇಳಿ ಇನ್ನೊಂದು ಹೆದರುಸಾಣ. ಲೆಕ್ಕ ಹಾಕುವೊ. ಆಲ್ಬಮಿನ 4ಕ್ಕೆ 6 ಇಂಚಿನ ಪಟಕ್ಕೆ, ಇಂಚಿಂಗೆ 300 ಚುಕ್ಕಿಯ ಹಾಂಗೆ, 1200 ಗುಣಿಸು 1800, ಹೇಳಿರೆ ಸುಮಾರು 22 ಲಕ್ಷ ಚುಕ್ಕಿ. ಗೋಡೆಗೆ ಹಾಕುವ ಎ4 ಅಳತೆಯ ಪಟಕ್ಕೆ ಸುಮಾರು 87 ಲಕ್ಷ. ಎಸ್90 ಕೊಡುದು 10 ಮೆಗಾಪಿಕ್ಸೆಲ್, ಹೇಳಿರೆ ಒಂದು ಕೋಟಿ. ಆರ್‌ಎಕ್ಸ್100 ಕೊಡುದು ಎರಡು ಕೋಟಿಂದಲೂ ಹೆಚ್ಚು. ನಮ್ಮ ಮನೆಗಳ ಗೋಡೆಲಿ ಎ4ರಿಂದ ದೊಡ್ಡ ಪಟ ಎಷ್ಟಿದ್ದು? ದೇವರ ಪಟ ಬಿಟ್ಟು ಹೇಳಿ.

ಎಂಗಳ ಮನೆಲಿ ದೊಡ್ಡಬ್ಬೆ ತೀರಿಹೋದಪ್ಪಗ ಬೊಜ್ಜಕ್ಕೆ ಮಡುಗುಲೆ ಒಂದು ಪಟ ಹುಡ್ಕಿದ್ದು ಹೇಳ್ತೆ. ಮೂರು ಮದುವೆಯ ಆಲ್ಬಮ್ ಇತ್ತು. ದಪ್ಪ ದಪ್ಪದ್ದು, ಒಳ್ಳೊಳ್ಳೆ ಕ್ಯಾಮರಲ್ಲಿ ಪೈಸೆ ಕೊಟ್ಟು ತೆಗೆಸಿದ್ದು. ಮೂರರಲ್ಲಿಯೂ ದೊಡ್ಡಬ್ಬೆ ಇಲ್ಲೆ. ಹೇಂಗಿಕ್ಕು? ಮೂರು ಮದುವೆಲಿಯೂ ಅದು ಅಟ್ಟುಂಬೊಳ ಇತ್ತು, ಪಟ ತೆಗವವು ಮಂಟಪದ ಹತ್ರೆ. ಒಂದರಲ್ಲಿ ಅದರ ಬೆನ್ನುದೆ ಕೈಲಿಪ್ಪ ಪಾತ್ರವೂ ಕಂಡತ್ತು. ಅಕೇರಿಗೆ ಸಣ್ಣ ಸೊಸೆಯ ಹಳೆ ಕಿಸೆ ಕ್ಯಾಮರದ ಕಾರ್ಡಿಲಿ ಒಂದು ಸಿಕ್ಕಿತ್ತು. ಹಲಸಿನಕಾಯಿಯ ಸೊಳೆ ಬಿಡುಸಿಗೊಂಡು, ಮೇಣದ ಕೈಯ ಎತ್ತಿಗೊಂಡು, ಆರಿಂಗೋ ಎಂತದೋ ಬೈದುಗೊಂಡು ನೆಗೆ ಮಾಡ್ತಾ ಇತ್ತು. ಫ್ಲಾಶ್ ಬಿದ್ದು ಮೋರೆ ರಜ್ಜ ಬೆಳಿ ಆಯಿದು, ಹಿಂದೆ ಕಾಳು ಕಾಳು. ಬೊಜ್ಜಕ್ಕೆ ಬಂದ ನೂರು ಜೆನಲ್ಲಿ ಒಬ್ಬನೂ ಸೆನ್ಸಾರಿನ ಅಳತೆ ಕೇಳಿದ್ದಿಲ್ಲೆ. "ಇದು ಅದುವೇ" ಹೇಳಿದವು. ಆ ಪಟವೇ ಈಗ ಗೋಡೆಲಿಪ್ಪದು.

ಪಟ ತೆಗವವ ಎಲ್ಲಿರ್ತನೋ ಅಲ್ಯಾಣ ಪಟ ಮಾಂತ್ರ ಬಪ್ಪದು. ಲಕ್ಷದ ಕ್ಯಾಮರ ಒಬ್ಬನ ಕೊರಳಿಲಿ ಇರ್ತು. ಅವ ಹೋಪಲ್ಲಿ ಹೋವ್ತು: ಚಾವಡಿ, ಜಾಲು, ಮಂಟಪ. ಬಾಣಂತಿ ಕೋಣೆಗೆ ಹೋಗ. ಅಟ್ಟುಂಬೊಳಕ್ಕೆ ಬಕ್ಕು, ಎರಡು ನಿಮಿಷ, ಹೊಗೆ ಇದ್ದು ಹೇಳಿ ಹೆರ ಹೋಕು. ಉದಿಯಪ್ಪಗ ನಾಲ್ಕು ಗಂಟೆಗೆ ಎದ್ದು ಕಾಯಿ ಕೆರವವರ, ಇರುಳು ಹನ್ನೊಂದಕ್ಕೆ ಪಾತ್ರ ತೊಳದು ಮೆಟ್ಲಿಲಿ ಕಾಲು ನೀಡಿ ಕೂಪವರ ಪಟ ಅವ ತೆಗೆಯ. ಅವಂಗೆ ಅದು ಕಾಣ್ತೇ ಇಲ್ಲೆ. ಅಂಬಗ ಐವತ್ತು ವರ್ಷ ಕಳುದ ಮತ್ತೆ ಮಕ್ಕೊ ಈ ದಾಖಲೆಯ ನೋಡಿರೆ ಎಂತ ತಿಳ್ಕೊಂಗು? ಈ ಮನೆಲಿ ಗೆಂಡುಮಕ್ಕೊ ಮಾಂತ್ರ ಇತ್ತಿದ್ದವು, ಅಶನ ತನ್ನಷ್ಟಕೇ ಬೆಂದುಗೊಂಡಿತ್ತು ಹೇಳಿ.

"ಹೆಮ್ಮಕ್ಕಳ ಆಟದ ಸಾಮಾನು" ಹೇಳ್ತ ಮಾತಿಂಗೆ ವಯಸ್ಸು ನೂರರಿಂದ ಮೇಲೆ. 1888ರಲ್ಲಿ ಅಮೇರಿಕದ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮರ ತಂದ. ನೂರು ಪಟದ ರೀಲು ಒಳವೇ ಇರ್ತು. ಮುಗುದಪ್ಪಗ ಕ್ಯಾಮರವನ್ನೇ ಕಾರ್ಖಾನೆಗೆ ಕಳುಸಿರೆ ಪಟ ಮಾಡಿ ಕೊಡುಗು. 1893ರಿಂದ ಅದರ ಜಾಹೀರಾತಿಲಿ ಕ್ಯಾಮರ ಹಿಡ್ಕೊಂಡ ಕೂಸಿನ ಚಿತ್ರ ಬಪ್ಪಲೆ ಸುರು ಆತು. 1900ಕ್ಕೆ ಬ್ರೌನಿ ಬಂತು, ಕ್ರಯ ಒಂದು ಡಾಲರ್, ಮಕ್ಕಳೂ ತೆಗವಲಕ್ಕು ಹೇಳಿ. ಅಷ್ಟು ಸುಲಭ ಇದ್ದರೆ ಅದು ಕಸುಬಲ್ಲ, ಆಟ ಹೇಳ್ತವು ಅಂದೂ ಇತ್ತಿದ್ದವು. ಆದರೆ ಮನೆ ಮನೆಯ ಆಲ್ಬಮ್ ಹೇಳ್ತದು ಲೋಕಲ್ಲಿ ಬಂದದೇ ಹಾಂಗಿಪ್ಪ ಡಬ್ಬಿ ಕ್ಯಾಮರಂಗಳಿಂದ.

ಹಾಂಗೆ ಹೇಳಿ, ಹೆಮ್ಮಕ್ಕೊಗೆ ದೊಡ್ಡ ಕ್ಯಾಮರ ಅರಡಿಯ, ಹೊರುಲೆ ಎಡಿಯ ಹೇಳಿ ಆನು ಹೇಳ್ತಾ ಇಲ್ಲೆ. ಆರಾರೂ ಹಾಂಗೆ ಹೇಳಿರೆ ಹೋಮಾಯ್ ವ್ಯಾರಾವಾಲಾನ ಹೆಸರು ಹೇಳಿ. 1913ರಲ್ಲಿ ಗುಜರಾತಿನ ನವಸಾರಿಲಿ ಹುಟ್ಟಿದ್ದು. ಭಾರತದ ಸುರುವಾಣ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೇಳಿ ಹೆಸರು. ಸೀರೆ ಸುತ್ತಿಗೊಂಡು, ಸ್ಪೀಡ್ ಗ್ರಾಫಿಕ್ ಹೇಳ್ತ ದೊಡ್ಡ ಕ್ಯಾಮರವ ಹೊತ್ತುಗೊಂಡು ದಿಲ್ಲಿಲಿ ಮಂತ್ರಿಗಳ, ರಾಯಭಾರಿಗಳ, ಗಾಂಧಿಯ ಅಂತ್ಯಕ್ರಿಯೆಯ ಪಟ ತೆಗದವು. ಸುರುವಾಣ ಕಾಲಲ್ಲಿ ಅವರ ಪಟಂಗೊ ಅಚ್ಚಾದ್ದು ಗೆಂಡನ ಹೆಸರಿಲಿ! 2011ರಲ್ಲಿ ಪದ್ಮವಿಭೂಷಣ ಬಂತು, ಅಂಬಗ ಅವಕ್ಕೆ 97 ವರ್ಷ. ದೊಡ್ಡ ಕ್ಯಾಮರ ಅವರ ಕಸುಬಿಂಗೆ ಬೇಕಾತು, ಹೊತ್ತವು. ನಮ್ಮ ಕಸುಬು ಬೇರೆ, ಅದಕ್ಕೆ ಬೇಕಾದ್ದು ಬೇರೆ. ಯೇವದು ಬೇಕು ಹೇಳಿ ನಿಶ್ಚಯ ಮಾಡುವವು ಆ ಕಸುಬು ಮಾಡುವವೇ ಆಯೆಕ್ಕು.

ಕ್ರಯದ ಮಾತುದೆ ಬರೆಕ್ಕು. ನಮ್ಮ ಊರಿನ ಆಟಿ ತಿಂಗಳಿನ ಗಾಳಿಲಿ ಹಪ್ಪಳ ಮೆತ್ತಂಗಾವ್ತು, ಚರ್ಮದ ಚೆಪ್ಪಲಿಂಗೆ ಬೂಷ್ಟು ಬತ್ತು. ಲೆನ್ಸಿಂಗೂ ಬೂಷ್ಟು ಬತ್ತು. ಲಕ್ಷದ ಲೆನ್ಸಿಂಗೆ ತೇವ ಹಿಡಿಯದ್ದ ಪೆಟ್ಟಿಗೆ ಬೇಕು, ಬೀಗ ಬೇಕು, ಬೀಗದ ಕೈ ಒಬ್ಬನ ಸೊಂಟಲ್ಲಿ ಬೇಕು. ಅಷ್ಟೆಲ್ಲ ಮಾಡಿರೂ ಅದು ಯಂತ್ರವೇ. ಎಂ9ರ ಸೆನ್ಸಾರಿನ ಮೇಲಾಣ ಗಾಜು ಕೆಲವರ ಕ್ಯಾಮರಲ್ಲಿ ತುಕ್ಕು ತಿಂದ ಹಾಂಗೆ ಕಲೆಗಟ್ಟಿತ್ತು. 2014ರಲ್ಲಿ ಕಂಪೆನಿಯೇ ಅದರ ಒಪ್ಪಿಗೊಂಡು ಸೆನ್ಸಾರು ಬದಲುಸಿ ಕೊಡ್ಲೆ ಹೆರಟತ್ತು. ಕ್ರಯ ಹೆಚ್ಚಾದ ಹಾಂಗೆ "ಮುಟ್ಟೆಡ" ಹೇಳ್ತ ಮಾತೂ ಹೆಚ್ಚಾವ್ತು. ಮುಟ್ಟೆಡ ಹೇಳಿ ಮಡುಗಿದ ಕ್ಯಾಮರ ಕಪಾಟಿನ ಪಟ ತೆಗಗು, ಅಷ್ಟೇ.

"ಕಿಸೆ ಕ್ಯಾಮರ ಎಂತಕೆ, ಮೊಬೈಲಿಲ್ಲೆಯೋ?" ಹೇಳಿ ಕೆಲವು ಜೆನ ಕೇಳುಗು. ಇದ್ದು, ತೆಗೆಯಿ. ತೆಗೆಯದ್ದೆ ಇಪ್ಪದರಿಂದ ಸಾವಿರ ಪಾಲು ಒಳ್ಳೆದು. ಆದರೆ ಮೊಬೈಲಿನ ಪಟ ವಾಟ್ಸಾಪಿಲಿ ಹೋಪಗ ಕುಗ್ಗಿ ಹೋವ್ತು, ಸ್ಥಳ ತುಂಬಿತ್ತು ಹೇಳಿ ಅಳುಸಿ ಹೋವ್ತು, ಮೊಬೈಲು ಬದಲಪ್ಪಗ ಕಳದು ಹೋವ್ತು. ಮೊಬೈಲು ಒಬ್ಬೊಬ್ಬಂದು, ಆರೂ ಇನ್ನೊಬ್ಬನ ಕೈಲಿ ಬಿಡವು. ಕಿಸೆ ಕ್ಯಾಮರ ಮನೆಯದ್ದು. ಸಾರಿನ ಸೌಟಿನ ಹಾಂಗೆ, ಆರೂ ತೆಕ್ಕೊಂಬಲಕ್ಕು, ತಿರುಗಿ ಅಲ್ಲಿಯೇ ಮಡುಗೆಕ್ಕು. ಕಾರ್ಡು ತೆಗದು ಕೊಟ್ಟರೆ ಇಡೀ ವರ್ಷದ ಪಟ ಒಂದೇ ಜಾಗೆಲಿ ಸಿಕ್ಕುತ್ತು.

ಅದಕ್ಕೂ ದೋಷ ಇದ್ದು, ಹೇಳದ್ದೆ ಬಿಡೆ. ಕಸ್ತಲೆಲಿ ಜೂಮ್ ಎಳವಲಾಗ. ಆರ್‌ಎಕ್ಸ್100ರಲ್ಲಿ ಜೂಮ್ ಇಲ್ಲದ್ದೆ ಲೆನ್ಸಿನ ಬಾಯಿ ಎಫ್ 1.8, ಪೂರ ಎಳದರೆ ಎಫ್ 4.9, ಏಳು ಪಾಲು ಬೆಣಚ್ಚು ಕಮ್ಮಿ ಆವ್ತು. ಎರಡು ಹೆಜ್ಜೆ ಹತ್ರೆ ಹೋಗಿ, ಕೈಯ ಬಾಗಿಲ ದಾರಂದಕ್ಕೆ ಒರಗುಸಿ ತೆಗೆಯಿ. ಫ್ಲಾಶ್ ದೂರಕ್ಕೆ ಎತ್ತ, ಇಡೀ ಚಾವಡಿಗೆ ಫ್ಲಾಶ್ ಹಾಕಿರೆ ಎದುರಾಣ ತಲೆಗೊ ಮಾಂತ್ರ ಬೆಳಿ ಅಕ್ಕು. ಹಗಲು ಕಿಟಿಕಿಯ ಹತ್ರೆ ಕೂರುಸಿ ತೆಗದರೆ ಫ್ಲಾಶೇ ಬೇಡ. ಲೆನ್ಸಿನ ಎದುರು ಎಣ್ಣೆಕೈ ತಾಗಿರೆ ಹಳೆ ಹತ್ತಿ ಸೀರೆಯ ತುಂಡಿಲಿ ಮೆಲ್ಲಂಗೆ ಉದ್ದಿ. ಇಷ್ಟು ಗೊಂತಿದ್ದರೆ ಸಾಕು. ಹುಳಿಗೆ ಉಪ್ಪು ಎಷ್ಟು ಹೇಳಿ ಕಣ್ಣಳತೆಲಿ ಹೇಳುವವಕ್ಕೆ ಇದು ಒಂದು ದೊಡ್ಡದೋ?

ಈಗ ಸಭೆಯ ಎದುರು ಮಡುಗೆಕ್ಕಾದ ಮಾತು. ಪೈಸೆ ಕೊಡ್ತಿಲ್ಲೆ ಹೇಳಿ ಆರೂ ಹೇಳೆಡಿ. ಕೊಡುವೊ. ಆ ಪೈಸೆಲಿ ಎರಡು ಒಳ್ಳೆ ಕಿಸೆ ಕ್ಯಾಮರ ಬರಳಿ, ಒಂದು ಚಾವಡಿಲಿ ಇರಳಿ, ಒಂದು ಅಟ್ಟುಂಬೊಳದ ನಾಗಂದಿಗೆಲಿ ಇರಳಿ. ಒಂದೊಂದಕ್ಕೆ ಎರಡು ಬ್ಯಾಟರಿ. ಪಟಂಗಳ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಲಿ, ಎರಡು ಬೇರೆ ಬೇರೆ ಮನೆಲಿ ಮಡುಗುವೊ. ವರ್ಷಕ್ಕೆ ನೂರು ಪಟ ಆದರೂ ಕಾಗತಲ್ಲಿ ಮಾಡ್ಸಿ, ಹಿಂದೆ ಪೆನ್ಸಿಲಿಲಿ ಹೆಸರುದೆ ತಾರೀಕುದೆ ಬರವೊ. ಹೆಸರು ಹೇಳುವ ಅಜ್ಜಿಯಕ್ಕೊ ಈಗ ಇದ್ದವು, ಇನ್ನು ಹತ್ತು ವರ್ಷಕ್ಕೆ ಇರವು. ಅಷ್ಟು ಮಾಡಿಯೂ ಪೈಸೆ ಒಳಿಗು. ಒಳುದರಲ್ಲಿ ಮಾಡು ಬಿಚ್ಚುವ ಮದಲು ಒಂದು ದಿನಕ್ಕೆ ಒಬ್ಬ ಒಳ್ಳೆ ಪಟದವನ ಅವನದ್ದೇ ದೊಡ್ಡ ಕ್ಯಾಮರ ಸಮೇತ ಹೇಳಿ ಕರೆಶುವೊ. ಅವ ಮನೆಯ ಹೆರಾಣ ಪಟ ಚೆಂದಕ್ಕೆ ತೆಗೆಯಲಿ.

ಸಭೆ ಬಪ್ಪ ತಿಂಗಳು. ಅಲ್ಲಿ ಈ ಮಾತು ಬಪ್ಪಗ ಹೆಮ್ಮಕ್ಕೊ ಒಳ ಸಾರು ಕಾಸಿಗೊಂಡಿದ್ದರೆ, ಹೆರ ಗೆಂಡುಮಕ್ಕೊ ಲೈಕಾಕ್ಕೆ ಒಪ್ಪಿಗೆ ಕೊಟ್ಟು ಎದ್ದು ಬಕ್ಕು. ಹಾಂಗಾಗಿ ಆ ದಿನಕ್ಕೆ ಅಡಿಗೆಯೋರಿಂಗೆ ಹೇಳುವೊ. ನಾವೆಲ್ಲ ಚಾವಡಿಲಿ ಕೂಪೊ. ನಿಂಗಳ ಕಪಾಟಿಲಿ ಹಳೆ ಕಿಸೆ ಕ್ಯಾಮರ ಬಿದ್ದೊಂಡಿದ್ದರೆ ಇಂದೇ ಬ್ಯಾಟರಿ ಚಾರ್ಜಿಂಗೆ ಹಾಕಿ, ಸಭೆಗೆ ಬಪ್ಪಗ ತನ್ನಿ.